ಲಾಟರಿ ಗೆದ್ದೋನ ಮುಖ ನಮಗ್ಯಾಕ ಬೇಕಿತ್ತು?

ನಮ್ಮ ದಾವಣಗೆರೆಯಾಗೆ ಒಬ್ಬ ಮನುಷ್ಯ ‘ನನ್ನ ಹೆಸ್ರಿಗೆ ಫ್ಲೆಕ್ಸ್ ಗಿಕ್ಸ್ ಹಾಕ್ಸಬ್ಯಾಡ್ರಪ್ಪಾ’ ಅಂದ್ರೆ ಏನರ್ಥ?

ಹಾಕ್ಸ್ರಿ ಅಂತ. ಸರ್ಕಲ್‌ನಾಗೇ ಹಾಕ್ಸ್ರಿ ಅಂತ.

ಇದು ನಾನು ಮಾಡಿದ ಕಾನೂನಲ್ಲ, ಊರಿಂದು. ನಿಟ್ಟುವಳ್ಳಿಯಾಗೆ ನಂದೊಂದು ಅಂಗಡಿ ಐತೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಫ್ಲೆಕ್ಸ್ ಡಿಸೈನ್. (ವಾರಕ್ಕೊಂದ್ಸಲ ನಿಮ್ಮ ತಲೆ ತಿನ್ನೋ ಈ ಅಂಕಣ ಸೈಡ್ ಬಿಸಿನೆಸ್ಸು. ಇದ್ರಿಂದ ಇಲ್ಲೀತನ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿನೂ ಹುಟ್ಟಿಲ್ಲ.) ಆ ಅಂಗಡ್ಯಾಗೆ ಕೂತು ನಾನು ಕಲ್ತಿದ್ದು ಇಷ್ಟು. ಬರ್ತ್‌ಡೇ ಹಿಂದಿನ ದಿನ ಲೀಡರ್ ಫೋನ್ ಮಾಡಿ ‘ಈ ಸಲ ಆಡಂಬರ ಬ್ಯಾಡಪ್ಪಾ’ ಅಂದ್ರೆ ಮಷಿನ್ ಆನ್ ಮಾಡ್ಬೇಕು. ‘ನನ್ನ ಫೋಟೋ ಬ್ಯಾಡ’ ಅಂದ್ರೆ ಹಳೇದು ಬ್ಯಾಡ, ಹೊಸದು ವಾಟ್ಸಾಪ್ ಮಾಡ್ತೀನಿ ಅಂತ.

ಒಂದ್ಸಲ ನಾನು ‘ಬ್ಯಾಡ’ ಅನ್ನೋದನ್ನ ಬ್ಯಾಡ ಅಂತಲೇ ತಿಳ್ಕಂಡೆ. ಲೀಡರ್ ಬೆಳಿಗ್ಗೆ ಎದ್ದು ಸರ್ಕಲ್‌ಗೆ ಬಂದು ನೋಡಿದ್ರು. ಕಂಬ ಖಾಲಿ. ಅವತ್ತಿಂದ ಅವ್ರ ಝೆರಾಕ್ಸ್ ಕೂಡ ಪಕ್ಕದ ಅಂಗಡಿಗೆ ಹೋಗ್ತೈತೆ. ‘ಏನಪಾ ಸಂತು, ಬ್ಯಾಡ ಅಂದ್ರೆ ಖರೇನೇ ಬಿಟ್ಟುಬಿಡೋದಾ?’ ಅಂತ ಅವ್ರ ಹುಡುಗ್ರು ಬಂದು ನನ್ನ ಬುದ್ಧಿಗೆ ಮರುಗಿ ಹೋದ್ರು.

ಹಿಂಗೆ ಟ್ರೇನಿಂಗ್ ಆದ ತಲೆ ನಂದು. ಅಂಥಾದ್ರಾಗೆ ಮಂಜಣ್ಣ ಬಂದು ‘ಯಾರ ಮುಂದೂ ಬಾಯಿ ಬಿಡಬ್ಯಾಡ ತಮ್ಮಾ’ ಅಂದ್ರೆ ನನ್ನ ತಲೆಗೆ ಏನು ಹೋಗಿರ್ಬೇಕು, ನೀವೇ ಹೇಳ್ರಿ.

(ಮಂಜಣ್ಣ ಅನ್ನೋದು ಖರೇ ಹೆಸ್ರಲ್ಲ. ಇಲ್ಲಿ ಬರೋ ಯಾವ ಹೆಸ್ರೂ ಖರೇದಲ್ಲ, ನಂದೊಂದು ಬಿಟ್ಟು. ಅವ್ರ ಖರೇ ಹೆಸ್ರು ಊರಿಗೆಲ್ಲ ಗೊತ್ತು ಅಂತೀರಾ? ಹೌದು. ಅದೇ ಈ ವಾರದ ಕಥೆ.)

ಮಂಜಣ್ಣ ಲಾರಿ ಡ್ರೈವರ್. ನಮ್ಮ ಹಿಂದಿನ ಬೀದಿ. ಇಲ್ಲಿಂದ ಮೆಕ್ಕೆಜೋಳ ತುಂಬ್ಕಂಡು ಕೇರಳಕ್ಕೆ ಹೋಗ್ತಿದ್ದ, ಅಲ್ಲಿ ಕೋಳಿ ಫೀಡ್ ಮಾಡೋರಿಗೆ ಹಾಕಿ ಬರ್ತಿದ್ದ. ಹೆಂಡ್ತಿ ರೇಣುಕಕ್ಕ ಮನೆಯಾಗೆ ಬ್ಲೌಸ್ ಹೊಲೀತಾಳೆ. ಇಬ್ರು ಮಕ್ಳು. ದೊಡ್ಡೋಳು ಸಿಂಚು, ನಾಲ್ಕನೇ ಕ್ಲಾಸು. ಅವಳಿಗೆ ಥಲಸ್ಸೇಮಿಯಾ. ಮೈಯಾಗೆ ರಕ್ತ ಸರಿಯಾಗಿ ತಯಾರಾಗಲ್ಲ. ಮೂರ್ನಾಕು ವಾರಕ್ಕೊಮ್ಮೆ ಹೊರಗಿಂದ ಏರಿಸ್ಬೇಕು. ಹುಟ್ಟಿದ ವರ್ಷದಿಂದ ಇದೇ ಆಗೈತೆ.

ಅದ್ರಾಗೂ ಅವಳದು ಬಿ ನೆಗೆಟಿವ್. ಸಿಗೋದು ಕಮ್ಮಿ.

ನಂದೂ ಅದೇ. ನನ್ನ ಇಡೀ ಬಾಡಿಯಾಗೆ ಮಾರ್ಕೆಟ್ ಡಿಮ್ಯಾಂಡ್ ಇರೋ ಐಟಂ ಅದೊಂದೇ. ಮೊದಲ ಸಲ ಕೊಡಾಕೆ ಹೋದಾಗ ಸೂಜಿ ನೋಡಿ ನಾನು ಬಿದ್ದ ಶಬ್ದಕ್ಕೆ ಕಾಂಪೌಂಡ್ ಆಚೆ ನಾಯಿ ಬೊಗಳಿದ್ವು. ರೇಣುಕಕ್ಕ ಸೆರಗಿನಾಗೆ ಗಾಳಿ ಬೀಸಿದ್ಲು. ಸಿಂಚು ಬಂದು ನನ್ನ ತಲೆ ಹತ್ರ ನಿಂತು, “ಮಾಮಾ, ನಂಗೆ ಪ್ರತಿ ಸಲ ಚುಚ್ತಾರೆ, ನಾ ಏನು ಬೀಳ್ತೀನಾ?” ಅಂತ ಕೇಳಿದ್ಲು. ಅವತ್ತಿಂದ ನಾನು ಆ ಮನೆಗೆ ಬಿದ್ದ ಮಾಮ.

ಇಂಥಾ ಶೂರನ್ನ ಹಿಡ್ದು ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಮಾಡಿದ್ರು. ದಾವಣಗೆರೆ, ಬಾತಿ, ಹರಿಹರ ಎಲ್ಲ ಜಾಲಾಡಿ ಬಿ ನೆಗೆಟಿವ್ ಇರೋರನ್ನ ಒಂದ್ಕಡೆ ಸೇರ್ಸಿದ್ವಿ. ಪಾಳಿ ಮೇಲೆ ಕೊಡೋದು. ಒಬ್ರು ಕೊಟ್ರೆ ಮತ್ತೆ ಮೂರು ತಿಂಗಳು ಅವ್ರನ್ನ ಮುಟ್ಟಂಗಿಲ್ಲ. ಹಂಗಾಗಿ ಒಬ್ಬ ಕೈ ಕೊಟ್ರೂ ಚೈನ್ ಕಟ್ಟು.

ಆ ಚೈನಿನಾಗೆ ಗಟ್ಟಿ ಕೊಂಡಿ ಅಂದ್ರೆ ಹರಿಹರದ ಬಸಣ್ಣ. ಲೇತ್ ವರ್ಕ್‌ಶಾಪಿನಾಗೆ ಕೆಲಸ. ಫೋನ್ ಮಾಡಿದ್ರೆ ‘ಯಾವತ್ತು?’ ಅಂತ ಒಂದೇ ಮಾತು. ಬಸ್ ಹತ್ತಿ ಬರೋದು, ಕೊಡೋದು, ಆಸ್ಪತ್ರೆಯೋರು ಕೊಟ್ಟ ಬಿಸ್ಕೀಟು ಸಿಂಚು ಕೈಗಿಟ್ಟು ಹೋಗೋದು. ಮಂಜಣ್ಣ ಟೀಗೆ ಕರೆದ್ರೂ ‘ಇರ್ಲಿ ಬಿಡ್ರಿ’ ಅಂತಿದ್ದ.

ಇಷ್ಟು ಹಿನ್ನೆಲೆ. ಈಗ ಲಾಟರಿಗೆ ಬರಾಣ.

ನಮ್ಮ ರಾಜ್ಯದಾಗೆ ಲಾಟರಿ ಬಂದಾಗಿ ಎಷ್ಟೋ ವರ್ಷ ಆತು. ಕೇರಳದಾಗೆ ಸರ್ಕಾರನೇ ನಡ್ಸುತ್ತೆ. ಮಂಜಣ್ಣ ಲೋಡ್ ಇಳಿಸೋವಾಗ ಟೀ ಅಂಗಡಿ ಪಕ್ಕದಾಗೆ ಒಂದು ಟಿಕೆಟ್ ತಗಂತಿದ್ದ. ಬೀಡಿ ಸೇದೋದು ಬಿಟ್ಟಿದ್ದ, ಅದ್ರ ಬದಲಿಗಂತೆ. ಒಂದು ದಿನ ಹೊಡೀತು.

ಮೊದಲನೇ ಬಹುಮಾನ ಅಲ್ಲ. ಎಷ್ಟು ಅಂತ ನಾನು ಬರಿಯಲ್ಲ. ಈ ಒಂದು ವಿಷಯದಾಗಾದ್ರೂ ನನ್ನ ಬಾಯಿ ಮುಚ್ಚಿರ್ಲಿ.

ಅವ್ನು ನನ್ನ ಅಂಗಡಿಗೆ ಬಂದಿದ್ದು ಪಾಸ್‌ಪೋರ್ಟ್ ಫೋಟೋಕ್ಕೆ. ಕ್ಲೇಮ್ ಮಾಡೋಕೆ ಬೇಕಂತೆ. ಟಿಕೆಟ್‌ನ ಲೈಸೆನ್ಸ್ ಕವರಿನೊಳಗೆ ಇಟ್ಕಂಡು, ಆ ಕವರ್‌ನ ಬನಿಯನ್ ಒಳಗೆ ಇಟ್ಕಂಡು, ಅಂಗಡಿ ಶಟರ್ ಅರ್ಧ ಎಳಿಸಿ, ಆಮೇಲೆ ತೋರಿಸ್ದ.

“ದುಡ್ಡು ಬರೋಕೆ ತಿಂಗಳುಗಟ್ಲೆ ಆಗ್ತೈತಂತೆ. ಬಂದ್ರೆ ಸಿಂಚುಗೆ ಬೆಂಗ್ಳೂರಾಗೆ ಆ ಬೋನ್ ಮ್ಯಾರೋ ಆಪರೇಷನ್ ಮಾಡಿಸ್ಬೋದು, ಆಮೇಲೆ ರಕ್ತ ಏರಿಸೋದೇ ಬೇಕಾಗಲ್ಲಂತೆ. ಅವಳ ತಮ್ಮಂದು ಮ್ಯಾಚ್ ಆಗೈತೆ, ಡಾಕ್ಟ್ರು ಹೇಳ್ಯಾರೆ. ಅಲ್ಲೀತನ ಯಾರ ಮುಂದೂ ಬಾಯಿ ಬಿಡಬ್ಯಾಡ ತಮ್ಮಾ.”

“ಆತಣ್ಣಾ.”

“ಖರೇ ಬ್ಯಾಡ.”

“ಆತಣ್ಣಾ, ತಿಳೀತು!” ಅಂತ ಕಣ್ಣು ಹೊಡ್ದೆ.

ಕಣ್ಣು ಹೊಡ್ದಿದ್ದು ನೋಡಿ ಅವನಿಗೆ ಗಾಬರಿ ಆಗಿರ್ಬೇಕಿತ್ತು. ಪಾಪ, ನಂಬ್ಕಂಡು ಹೋದ.

ಅವ್ನು ಮಾರ್ನೇ ದಿನ ಲೋಡ್ ತಗಂಡು ಕೇರಳಕ್ಕೆ ಹೊಂಟ. ನಾನು ಡಿಸೈನ್‌ಗೆ ಕೂತೆ. ಫ್ರೀ. ನನ್ನ ಜೀವನದಾಗೆ ಫ್ರೀಯಾಗಿ ಮಾಡಿದ ಒಂದೇ ಫ್ಲೆಕ್ಸು. ಅವ್ನ ಪಾಸ್‌ಪೋರ್ಟ್ ಫೋಟೋಕ್ಕೆ ಕಂಪ್ಯೂಟರ್‌ನಾಗೆ ಬ್ಲೇಜರ್ ತೊಡಿಸ್ದೆ. ಮೇಲಿಂದ ನಾಣ್ಯದ ಮಳೆ ಸುರಿಸ್ದೆ. ಹಿಂದೆ ಒಂದು ಹುಲಿ ನಿಲ್ಲಿಸ್ದೆ. (ಹುಲಿ ಯಾಕ? ಗೊತ್ತಿಲ್ಲ. ನಮ್ಮೂರ ಫ್ಲೆಕ್ಸಿನಾಗೆ ಹುಲಿ ಇಲ್ದಿದ್ರೆ ಕಮ್ಮಿ ಕಾಣ್ತೈತೆ.) ‘ಕೇರಳ ಲಾಟರಿ ವಿಜೇತ, ನಿಟ್ಟುವಳ್ಳಿಯ ಹೆಮ್ಮೆಯ ಪುತ್ರ, ಅದೃಷ್ಟಲಕ್ಷ್ಮಿಯ ವರಪುತ್ರನಿಗೆ ಹಾರ್ದಿಕ ಅಭಿನಂದನೆಗಳು’. ಕೆಳಗೆ ‘ಶುಭ ಕೋರುವವರು’ ಅಂತ ಗೆಳೆಯರ ಬಳಗದ ಮುಖ ಸಾಲಾಗಿ. ನಂದು ಸ್ವಲ್ಪ ದೊಡ್ಡದು. ಡಿಸೈನರ್‌ಗೆ ಅಷ್ಟೂ ಇರಬ್ಯಾಡ್ವಾ?

ಮಂಜಣ್ಣ ಕೇರಳದಿಂದ ವಾಪಸ್ ಬಂದು ಸರ್ಕಲ್‌ನಾಗೆ ಲಾರಿ ನಿಲ್ಲಿಸ್ದಾಗ ಅವ್ನ ಮುಖ ಅವ್ನಿಗೇ ಎದುರಾತು.

ನಾವು ಹುಡುಗ್ರು ಅಲ್ಲೇ ಹಾರ ಹಿಡ್ಕಂಡು ನಿಂತಿದ್ವಿ. ಬೈತಾನೆ ಅಂತ ನನಗೆ ಗೊತ್ತಿತ್ತು. ‘ಏನ್ರೋ ಇದು, ಬ್ಯಾಡ ಅಂದಿದ್ನಲ್ಲ’ ಅಂತ ನಗ್ತಾ ಬೈಯೋದು ಪದ್ಧತಿ. ಅವ್ನು ಬೈಲಿಲ್ಲ. ನಗಲೂ ಇಲ್ಲ. ಫ್ಲೆಕ್ಸ್ ಕೆಳಗೆ ನಿಂತ್ಕಂಡು, “ಸಂತು, ಬಿಚ್ಚಪ್ಪಾ ಅದನ್ನ” ಅಂದ.

ನಾನೇನಂದೆ? “ಅಣ್ಣಾ, ಎರಡು ದಿನ ಇರ್ಲಿ ಬಿಡು, ಕಲರ್ ಚಂದ ಬಂದೈತೆ.”

ಇಂಥ ಮಾತು ಆಡಿದ ಬಾಯಿಗೆ ಲ್ಯಾಮಿನೇಷನ್ ಮಾಡ್ಬೇಕಿತ್ತು. ಅವ್ನು ಲಾರಿ ಕಂಬದ ಹತ್ರ ತಂದು, ಮೇಲೆ ಹತ್ತಿ, ತಾನೇ ಹಗ್ಗ ಕೊಯ್ದ. ಹುಲಿ, ನಾಣ್ಯ, ನಾನು ಎಲ್ಲ ಧೂಳಿಗೆ ಬಿದ್ವಿ. ಅಷ್ಟರಾಗೆ ಅರ್ಧ ಊರಿನ ಸ್ಟೇಟಸ್‌ನಾಗೆ ಅದೇ ಫ್ಲೆಕ್ಸು.

ಆಮೇಲೆ ಶುರುವಾತು.

ನಿಟ್ಟುವಳ್ಳಿಯಾಗೆ ಇದ್ದ ಬಹುಮಾನ ಬಸ್‌ಸ್ಟ್ಯಾಂಡ್ ಮುಟ್ಟೋವಾಗ ಡಬಲ್ ಆತು. ಬಾತಿ ದಾಟೋವಾಗ ಕೋಟಿ ಆತು. ಹರಿಹರದಾಗೆ ಒಬ್ಬ ನನಗೇ ಹೇಳಿದ, “ನಿಮ್ಮ ಊರ್ನಾಗೆ ಯಾರೋ ಡ್ರೈವರ್‌ಗೆ ಹೆಲಿಕಾಪ್ಟರ್ ಬಂದೈತಂತಲ್ಲ” ಅಂತ. ಜನ ಮನೆ ಮುಂದೆ ಪಾಳಿ ಹಚ್ಚಿದ್ರು. ಗುಡಿ ಜೀರ್ಣೋದ್ಧಾರದೋರು, ಕ್ರಿಕೆಟ್ ಟೂರ್ನಮೆಂಟಿನೋರು, ಸೈಟ್ ಬ್ರೋಕರ್‌ಗಳು, ಪಾಲಿಸಿ ಮಾಡಿಸೋರು. ರೇಣುಕಕ್ಕನ ತವರು ಕಡೆಯೋರು ಯಾರೋ ಟ್ರ್ಯಾಕ್ಸ್ ಗಾಡಿ ಮಾಡ್ಕಂಡು ಬಂದು, ‘ಸಣ್ಣೋಳಿದ್ದಾಗ ನಿನ್ನ ಎತ್ತಿ ಆಡ್ಸಿದ್ವಿ’ ಅಂದ್ರಂತೆ. ಅಕ್ಕ ಅವ್ರನ್ನ ಯಾವತ್ತೂ ನೋಡೇ ಇಲ್ಲ.

ಇವೆಲ್ಲ ನಗೋ ವಿಷಯ. ನಾನೂ ಅಂಗಡ್ಯಾಗೆ ಹೇಳ್ಕಂಡು ನಕ್ಕೆ.

ಬ್ಲೌಸ್ ಹೊಲಿಸ್ಕಂಡೋರು ದುಡ್ಡು ಕೊಡೋದು ನಿಲ್ಲಿಸಿದ್ರು. “ಈಗ ನಿಂಗ್ಯಾಕಬೇಕು ರೇಣುಕಾ ಈ ಚಿಲ್ಲರೆ?” ಅಂತ ನಕ್ಕಂತ ಬ್ಲೌಸ್ ಕವರ್‌ಗೆ ಹಾಕ್ಕಂಡು ಹೋದ್ರು. ಲಾರಿ ಓನರ್, “ಸಾಹುಕಾರ್ರೆ, ನೀವಿನ್ನ ಸ್ಟೇರಿಂಗ್ ಹಿಡೀತೀರಾ?” ಅಂತ ಚಾಷ್ಟಿ ಮಾಡ್ದ. ಮಂಜಣ್ಣ ಹಿಡೀತೀನ್ರಿ ಅಂದ. ಅಷ್ಟೊತ್ತಿಗೆ ಬೇರೆ ಡ್ರೈವರ್ ಬಂದಾಗಿತ್ತು. ಸಿಂಚು ಸ್ಕೂಲ್ ಗೇಟ್ ಹತ್ರ ಒಬ್ಬ ಗುರುತಿಲ್ದೋನು ಚಾಕಲೇಟ್ ಕೊಟ್ಟು, ‘ನಿಮ್ಮಪ್ಪ ಮನೆಯಾಗೆ ಯಾವಾಗಿರ್ತಾನೆ, ಯಾವಾಗಿರಲ್ಲ’ ಅಂತ ಕೇಳಿದ್ನಂತೆ. ಅವತ್ತಿಂದ ಅವಳು ಸ್ಕೂಲಿಗೂ ಹೋಗ್ಲಿಲ್ಲ.

ನೆನಪಿರ್ಲಿ, ದುಡ್ಡು ಇನ್ನೂ ಒಂದು ಪೈಸೆ ಬಂದಿಲ್ಲ.

ನಮ್ಮವ್ವ ಒಂದು ದಿನ ರೊಟ್ಟಿ ತಟ್ತಾ ಹೇಳಿದ್ಲು, “ನೀನು ಆ ಮನೆಗೆ ಬೆಂಕಿ ಹಚ್ಚಿದ್ರೆ ಜನ ಬಂದು ನೀರಾದ್ರೂ ಹಾಕ್ತಿದ್ರು ಕಣೋ.”

ಮುಂದೆ ಇನ್ನೂ ದೊಡ್ಡದು ಕಾದೈತೆ ಅಂತ ಅವ್ವಂಗೂ ಗೊತ್ತಿರ್ಲಿಲ್ಲ. ಸಿಂಚುಗೆ ರಕ್ತ ಏರಿಸೋ ದಿನ ಹತ್ರ ಬಂತು.

ನಾನು ಯಾವಾಗ್ಲೂ ಹಾಕೋ ಮೆಸೇಜನ್ನೇ ಗ್ರೂಪಿಗೆ ಹಾಕ್ದೆ. ‘ಸಿಂಚುಗೆ ಬೇಕು, ಈ ಸಲ ಯಾರು ಬರ್ತೀರಿ?’ ಎಲ್ರಿಗೂ ನೀಲಿ ಟಿಕ್ ಬಂತು. ಎಲ್ರೂ ಓದ್ಯಾರೆ. ಒಬ್ರೂ ಮಾತಾಡ್ಲಿಲ್ಲ.

ನೆಟ್‌ವರ್ಕ್ ಪ್ರಾಬ್ಲಮ್ ಅಂತ ಫೋನ್ ರೀಸ್ಟಾರ್ಟ್ ಮಾಡ್ದೆ. (ಹೌದು, ನಾನು ಅಷ್ಟು ಬುದ್ಧಿವಂತ.) ಆಮೇಲೆ ಒಬ್ಬೊಬ್ರಿಗೇ ಫೋನ್ ಹಚ್ಚಿದೆ.

ಜಿಮ್ ನಡ್ಸೋ ಗೆಳೆಯ ಅಂದ, “ಅಲ್ಲೋ ದೋಸ್ತ್, ಲಾಟರಿ ಹೊಡ್ದೈತಲ್ಲ. ಬೆಂಗ್ಳೂರಿಗೆ ಹೋಗಿ ದೊಡ್ಡ ಆಸ್ಪತ್ರೆಯಾಗೆ ತಗಳ್ಳಿ. ಇನ್ನೂ ನಮ್ಮದೇ ಹೀರ್ಬೇಕಾ?”

“ರಕ್ತ ಅಂಗಡ್ಯಾಗೆ ಸಿಗಲ್ಲ ಕಣೋ. ಯಾರಾದ್ರೂ ಕೊಟ್ರೇನೇ ಇರೋದು.”

“ದುಡ್ಡಿದ್ರೆ ಎಲ್ಲ ಸಿಗ್ತೈತೆ ಬಿಡಪಾ.”

ಬಾತಿಯಾಗಿರೋ ಟೀಚರ್ ಒಬ್ರು ಬಾಳ ನಾಜೂಕಾಗಿ, “ನೋಡ್ರಿ, ಈಗ ನಮಗಿಂತ ಬಡವ್ರಿಗೆ ಕೊಟ್ರೆ ಪುಣ್ಯ ಅಲ್ವಾ?” ಅಂದ್ರು. ಇನ್ನೊಬ್ಬ ನೇರ ಕೇಳಿದ. “ಏನಾದ್ರೂ ನೋಡ್ಕಂತಾರಾ? ಸುಮ್ನೆ ಕೇಳ್ದೆ ಅಷ್ಟೇ.”

ನಾನೇ ಕೊಡಾಣ ಅಂದ್ರೆ ಹಿಂದಿನ ಪಾಳಿ ನಂದೇ ಆಗಿತ್ತು. ಆದ್ರೂ ಹೋದೆ, ಕೈ ಮುಂದೆ ಚಾಚಿ ನಿಂತೆ. ರಕ್ತ ತಗಳ್ಳೋನು ಕಂಪ್ಯೂಟರ್ ನೋಡಿ, “ಮೊನ್ನೆನೇ ಕೊಟ್ಟೀರಲ್ರಿ. ಈಗ ತಗಂಡ್ರೆ ನಿಮಗೇ ಒಂದು ಬಾಟ್ಲಿ ಹಾಕ್ಬೇಕಾಗ್ತೈತೆ, ಹೋಗ್ರಿ” ಅಂತ ಕಳಿಸ್ದ.

ಉಳಿದಿದ್ದು ಬಸಣ್ಣ. ಅವ್ನು ಫೋನೇ ಎತ್ಲಿಲ್ಲ. ಬೈಕ್ ತಗಂಡು ಹರಿಹರಕ್ಕೆ ಹೋದೆ.

ವರ್ಕ್‌ಶಾಪ್ ಬಾಗಿಲಿಗೆ ನಾನು ಕಾಲಿಡ್ತಿದ್ದಂಗೆ ಒಳಗಿಂದ ಒಬ್ಬ ಕೂಗ್ದ, “ಬಸಣ್ಣೋ, ಸೇಠ್ ಕಡೆಯೋರು ಬಂದಾರೆ ನೋಡು! ಈ ಸಲ ರೇಟ್ ಹೆಂಗೆ, ಬಾಟ್ಲಿ ಲೆಕ್ಕನಾ, ಲೀಟ್ರು ಲೆಕ್ಕನಾ?”

ಎಲ್ರೂ ನಕ್ರು. ಬಸಣ್ಣ ಮಷಿನ್ ಆಫ್ ಮಾಡಿ, ಕೈ ಒರೆಸ್ಕಂಡು, ನನ್ನನ್ನ ಹೊರಗೆ ಟೀ ಅಂಗಡಿಗೆ ಕರ್ಕಂಡು ಹೋದ.

“ಕೇಳಿಸ್ತಲ್ಲ? ದಿನಾ ಇದೇ ನಡೀತೈತೆ.”

“ಅವ್ರು ಅಂದ್ರೆ ಅಂದ್ರು ಬಿಡಣ್ಣಾ. ಹುಡುಗಿ...”

“ಹುಡುಗಿ ನನ್ನ ಕಣ್ಣ ಮುಂದೇ ಅದಾಳೆ, ನೀ ಹೇಳ್ಬ್ಯಾಡ.” ಟೀ ಲೋಟ ತಿರುಗಿಸ್ತಾ ಕೂತ. “ಮನೆಯಾಗೆ ಹೆಂಡ್ತಿ ಕೇಳ್ತಾಳೆ, ಇಷ್ಟು ವರ್ಷ ಕೊಟ್ಟೀಯಲ್ಲ, ಅವ್ರು ಏನೂ ಕೊಡ್ಲಿಲ್ಲೇನು ಅಂತ. ಏನೂ ಇಲ್ಲ ಅಂದ್ರೆ ನಂಬಲ್ಲ. ಎಲ್ಲಿಟ್ಟೀಯಾ ಅಂತಾಳೆ. ಅಲ್ಲಪಾ ಸಂತು, ನಾನು ಬಸ್ಸಿನಾಗೆ ಬಂದು ಕೊಟ್ಟು ಹೋಗ್ಬೇಕಾದ್ರೆ ನನಗೆ ನಾನೇ ಒಬ್ಬ ಮನುಷ್ಯ ಅನ್ನಿಸ್ತಿತ್ತು. ದಿನವೆಲ್ಲ ಕಬ್ಬಿಣ ಉಜ್ಜೋನಿಗೆ ಅದೊಂದೇ ಇದ್ದಿದ್ದು. ಈಗ ಕೊಟ್ರೆ ಸಾಹುಕಾರನ್ನ ಗಿರಾಕಿ ಮಾಡ್ಕಂಡಂಗೆ ಕಾಣ್ತೈತೆ.”

“ಯಾರಿಗೂ ಗೊತ್ತಾಗ್ದಂಗೆ ಬಂದು ಕೊಟ್ಟು ಹೋಗಣ್ಣಾ.”

ಅವಾಗ ಬಸಣ್ಣ ನನ್ನ ಮುಖ ನೋಡ್ದ.

“ಹೆಂಗಪ್ಪಾ ಗೊತ್ತಾಗ್ದಂಗೆ ಬರ್ಲಿ? ನಾನು ಕೊಡ್ತೀನಿ ಅಂತ ಈ ವರ್ಕ್‌ಶಾಪಿನೋರಿಗೆ ಹೇಳಿದ್ದು ಯಾರು? ರಕ್ತ ಕೊಡಾಕೆ ಮಲಗ್ದಾಗ ನೀನೇ ಫೋಟೋ ಹೊಡ್ದು ‘ಹರಿಹರದ ಹೀರೋ’ ಅಂತ ಸ್ಟೇಟಸ್ ಹಾಕಿದ್ಯಲ್ಲ. ನಾನು ಬ್ಯಾಡ ಅಂದಿದ್ದೆ.”

ಹೌದು. ಬ್ಯಾಡ ಅಂದಿದ್ದ. ನಾನು ಅದಕ್ಕೂ ಕಣ್ಣು ಹೊಡ್ದಿದ್ದೆ.

“ನೋಡ್ತೀನಿ” ಅಂತ ಎದ್ದ. ಟೀ ದುಡ್ಡು ನನಗೆ ಕೊಡಾಕೆ ಬಿಡ್ಲಿಲ್ಲ.

ಬರೋವಾಗ ಬೈಕ್ ಮೇಲೆ ನಾನು ಎಲ್ರನ್ನೂ ಬೈಕಂತ ಬಂದೆ. ಜಿಮ್ಮಿನೋನು ಕೆಟ್ಟೋನು, ಟೀಚರ್ ಕೆಟ್ಟೋಳು. ಬಾತಿ ಹತ್ರ ಬರೋವಾಗ ಬೈಯೋಕೆ ಜನ ಖಾಲಿ ಆದ್ರು. ಯಾರೂ ಕೆಟ್ಟೋರಲ್ಲ, ಅದೇ ತೊಂದರೆ. ಇಷ್ಟು ವರ್ಷ ಇದೇ ಜನ ಒಂದು ಫೋನಿಗೆ ಓಡಿ ಬಂದು ಒಂದು ಹುಡುಗಿನ ಉಳಿಸ್ಕಂಡು ಬಂದಾರೆ. ಮಂಜಣ್ಣ ಹೆಂಗಿದ್ನೋ ಹಂಗೇ ಅದಾನೆ. ಅವ್ನ ಬಗ್ಗೆ ನಮಗೆ ಒಂದು ವಿಷಯ ಜಾಸ್ತಿ ಗೊತ್ತಾತು, ಅಷ್ಟೇ. ಆ ಒಂದು ವಿಷಯಕ್ಕೆ ರಕ್ತ ನಿಂತ್ಹೋತು.

ಸಿಂಚುನ ಅಡ್ಮಿಟ್ ಮಾಡಿದ್ರು. ನಾನು ನೋಡಾಕೆ ಹೋದೆ. ತುಟಿ ಕಾಗದದಂಗೆ ಆಗಿತ್ತು. ಮಾತಾಡಿದ್ರೆ ಏದುಸಿರು. ಆದ್ರೂ ನನ್ನ ಕಂಡ ಕೂಡ್ಲೇ, “ಬಿದ್ದ ಮಾಮಾ ಬಂದ” ಅಂದ್ಲು. ಆಮೇಲೆ ಬಾಗಿಲ ಕಡೆ ನೋಡಿ ಕೇಳಿದ್ಲು.

“ಬಸಣ್ಣ ಮಾಮಾಗೆ ಜ್ವರ ಬಂದೈತಾ?”

“ಹೂಂ” ಅಂದೆ. ಏನ್ ಹೇಳ್ಲಿ?

“ಹಂಗಾದ್ರೆ ಬ್ಯಾಡ. ಅವ್ರು ಆರಾಮಾಗ್ಲಿ.”

ಮಂಜಣ್ಣ ಕಿಟಕಿ ಹತ್ರ ನಿಂತು ಹೊರಗೆ ನೋಡ್ತಿದ್ದ. ತಿರುಗ್ಲಿಲ್ಲ. ರೇಣುಕಕ್ಕ ನನಗೆ ಕುರ್ಚಿ ಕೊಟ್ಲು, ನೀರು ಕೊಟ್ಲು. ಒಂದು ಮಾತು ಬೈದಿದ್ರೆ ನಾನು ಮನೆಗೆ ಹೋಗಿ ಊಟ ಮಾಡ್ತಿದ್ನೇನೋ.

ಕೊನೆಗೆ ರಕ್ತ ಸಿಕ್ತು. ಬೇರೆ ಜಿಲ್ಲೆಯಿಂದ ತರಿಸಿದ್ರು. ಕೊಟ್ಟೋರು ಯಾರು ಅಂತ ಗೊತ್ತಿಲ್ಲ. ಸಿಂಚು ಯಾರು, ಅವ್ರಪ್ಪ ಯಾರು ಅಂತ ಅವ್ರಿಗೂ ಗೊತ್ತಿಲ್ಲ. ಗೊತ್ತಿಲ್ದೇ ಇದ್ದಿದ್ದಕ್ಕೆ ಕೊಟ್ರು ಅಂತ ಕಾಣ್ತೈತೆ.

ಇದೇ ವಿಷಯಕ್ಕೆ ನಾನು ನಮ್ಮ ಅಂಗಡಿಗೆ ಪೇಪರ್ ಓದಾಕೆ ಬರೋ ರಿಟೈರ್ಡ್ ಮೇಷ್ಟ್ರ ಜೊತೆ ಜಗಳ ಮಾಡ್ದೆ. ಲಾಟರಿ ಗೆದ್ದೋರ ಹೆಸ್ರು ಗುಟ್ಟಾಗಿ ಇಡ್ಬೇಕು ಸಾರ್ ಅಂದೆ. ಅವ್ರು ಕನ್ನಡಕ ತೆಗೆದು, “ಅದೆಂಗಾಗ್ತೈತಪಾ? ಹೆಸ್ರು ಹೇಳ್ಲಿಲ್ಲ ಅಂದ್ರೆ ನಡ್ಸೋರೇ ದುಡ್ಡು ನುಂಗಿ, ಯಾರಿಗೋ ಬಂದೈತೆ ಅಂತ ಕೈ ತೊಳ್ಕಂಡ್ರೆ? ಟಿಕೆಟ್ ತಗಂಡೋರೆಲ್ಲ ಪೆದ್ದರಾ?” ಅಂದ್ರು.

ಮಾತು ಸುಳ್ಳಲ್ಲ. ನಾನು ಟಿಕೆಟ್ ತಗಂಡಿದ್ರೆ ನಾನೂ ಅದೇ ಕೇಳ್ತಿದ್ದೆ. ಲೆಕ್ಕ ನೋಡೋರು ಇರ್ಲಿ. ಯಾರಿಗೆ ಕೊಟ್ರಿ ಅಂತ ನಡ್ಸೋರನ್ನ ಕೂರಿಸಿ ಕೇಳೋ ಅಧಿಕಾರಿ ಇರ್ಲಿ. ಟಿಕೆಟ್ ನಂಬರ್ ಊರಿಗೆಲ್ಲ ಸಾರ್ಲಿ. ಆದ್ರೆ ಸಾರ್, ಮೋಸ ಆಗಿಲ್ಲ ಅಂತ ನಿಮಗೆ ಗೊತ್ತಾಗಾಕೆ ಆ ಮನುಷ್ಯನ ಮುಖ ಯಾಕಬೇಕು? ಬೀದಿ ಯಾಕಬೇಕು? ಮಗಳ ಸ್ಕೂಲ್ ಯಾಕಬೇಕು? ಬ್ಯಾಂಕಿನಾಗೆ ನಿಮ್ಮ ಪೆನ್ಷನ್ ಎಷ್ಟೈತೆ ಅಂತ ನಾನು ಫ್ಲೆಕ್ಸ್ ಹಾಕ್ಲಾ?

ಮೇಷ್ಟ್ರು ಪೇಪರ್ ಮಡಚಿ ಹೋದ್ರು. ಎರಡು ದಿನ ಬರ್ಲಿಲ್ಲ.

ಅವ್ರು ಬಾರದಿದ್ದಾಗ ಕೂತು ಯೋಚ್ನೆ ಮಾಡ್ದೆ. ಮಂಜಣ್ಣನ ಮುಖ ಬಯಲಿಗೆ ತಂದಿದ್ದು ಲಾಟರಿಯೋರಲ್ವಲ್ಲ. ಸರ್ಕಾರದೋರೂ ಅಲ್ಲ, ಪೇಪರ್‌ನೋರೂ ಅಲ್ಲ. ಯಾವ ಕಾನೂನು ಮಾಡಿದ್ರೂ, ಅದು ದಾಟಿ ಬಂದು ಪಕ್ಕದ ಅಂಗಡಿಯೋನು ಪ್ರೀತಿಯಿಂದ ಬ್ಲೇಜರ್ ತೊಡಿಸ್ತಾನಲ್ಲ, ಅವ್ನನ್ನ ಯಾವ ಕಾನೂನು ಹಿಡೀತೈತೆ? ನಮಗೆ ಇನ್ನೊಬ್ರ ಖುಷಿ ಗೊತ್ತಾದ್ರೆ ಸುಮ್ನೆ ಇರಾಕೆ ಆಗಲ್ಲ. ಅದ್ರಾಗೆ ನಮ್ಮದೊಂದು ಫೋಟೋ ಇರ್ಬೇಕು. ಅವ್ರು ಬ್ಯಾಡ ಅಂದ್ರೆ ನಾಚ್ಕಂತಾರೆ ಅಂತ ತಿಳ್ಕಂತೀವಿ. ಒಬ್ಬ ಮನುಷ್ಯ ‘ಬ್ಯಾಡ’ ಅನ್ನೋದಕ್ಕೆ ಅವ್ನದೇ ಒಂದು ಕಾರಣ ಇರಬೋದು ಅಂತ ನಮ್ಮೂರಿನಾಗೆ ಯಾರಿಗೂ ಅನ್ಸೋದೇ ಇಲ್ಲ.

ಸಿಂಚು ಡಿಸ್ಚಾರ್ಜ್ ಆದ ಮೇಲೆ ಅವ್ರು ಮನೆ ಖಾಲಿ ಮಾಡಿದ್ರು. ಎಲ್ಲಿಗೆ ಅಂತ ಯಾರಿಗೂ ಹೇಳ್ಲಿಲ್ಲ. ಅದೂ ಹಗಲು ಹೊತ್ತಿನಾಗೆ, ಎಲ್ರ ಎದುರಿಗೇ, ಹೊಲಿಗೆ ಮಷಿನ್, ಪಾತ್ರೆ, ಹಾಸಿಗೆ ಏರಿಸ್ಕಂಡು. ಯಾವೂರಿಗೆ ಹೊಂಟ್ರಿ ಅಂತ ಓಣಿ ಇಡೀ ಕೇಳ್ತು. ರೇಣುಕಕ್ಕ, “ಇಲ್ಲೇ, ಹತ್ರದಾಗೇ” ಅಂದ್ಲು. ನಾನು ಹಾಸಿಗೆ ಏರಿಸಾಕೆ ಕೈ ಹಾಕ್ದೆ. ಮಂಜಣ್ಣ ಬ್ಯಾಡ ಅಂದ. ಈ ಸಲ ನಾನು ಕೈ ತೆಗ್ದೆ.

ಫೋನ್ ನಂಬರ್ ಬದಲಾತು. ಗ್ರೂಪಿನಿಂದ ‘ಲೆಫ್ಟ್’ ಅಂತ ಬಂತು. ದುಡ್ಡು ಬಂತಾ, ಬೆಂಗ್ಳೂರಿಗೆ ಹೋದ್ರಾ, ಗೊತ್ತಿಲ್ಲ. ಊರು ಮಾತ್ರ ದಿನಾ ಹೊಸ ಸುದ್ದಿ ಹೇಳ್ತೈತೆ. ಅಲ್ಲಿ ಬಿಲ್ಡಿಂಗ್ ಕಟ್ಸ್ಯಾರಂತೆ, ಇಲ್ಲಿ ಕಾರ್ ತಗಂಡಾರಂತೆ. ಗುರುತಿಲ್ಲದ ಊರಿನಾಗೆ ಬಿ ನೆಗೆಟಿವ್ ಇರೋರನ್ನ ಮೊದಲಿಂದ ಹೆಂಗೆ ಹುಡುಕ್ತಾರೆ ಅಂತ ಮಾತ್ರ ಒಬ್ರೂ ಕೇಳಲ್ಲ.

ಹೋದ ವಾರ ನಮ್ಮ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಬೇರೆ ಯಾವುದೋ ಊರಿಂದು. ‘ಚಿಕ್ಕ ಹುಡುಗಿಗೆ ಬಿ ನೆಗೆಟಿವ್ ರಕ್ತ ತುರ್ತಾಗಿ ಬೇಕಾಗಿದೆ. ದಯವಿಟ್ಟು ಹೆಸರು ಕೇಳಬೇಡಿ.’ ಕೆಳಗೆ ಒಂದು ಮೊಬೈಲ್ ನಂಬರ್. ಅದ್ರ ಕೆಳಗೆ ನಮ್ಮ ಗ್ರೂಪಿನೋರ ಮಾತು. ‘ಹೆಸ್ರಿಲ್ಲ ಅಂದ್ರೆ ಫೇಕ್.’ ‘ಪೇಷಂಟ್ ಫೋಟೋ ಹಾಕ್ಲಿ ಮೊದ್ಲು.’ ‘ಇತ್ತೀಚೆಗೆ ಹಿಂಗೆ ಬಾಳ ಮೋಸ ನಡೀತಾವೆ, ಹುಷಾರು.’

ಅದು ಸಿಂಚುನಾ? ಗೊತ್ತಿಲ್ಲ. ಬಿ ನೆಗೆಟಿವ್ ಹುಡುಗೀರು ನಾಡಿನಾಗೆ ಇನ್ನೂ ಎಷ್ಟೋ ಇರ್ತಾರೆ. ಯಾರಾದ್ರೇನು. ನನ್ನ ಮೂರು ತಿಂಗಳು ಮುಗ್ದಿದ್ವು, ಈಗ ಕೊಡಬೋದಿತ್ತು. ಫೋನ್ ಹಚ್ಚಿದೆ.

“ಹೇಳ್ರಿ” ಅಂತು ಒಂದು ಗಂಡಸಿನ ದನಿ.

“ಮೆಸೇಜ್ ನೋಡ್ದೆ ರೀ. ನಂದು ಬಿ ನೆಗೆಟಿವ್. ಯಾವ ಆಸ್ಪತ್ರೆ ಅಂತ ಹೇಳ್ರಿ, ಈಗ್ಲೇ ಬೈಕ್ ತೆಗೀತೀನಿ.”

“ಬಾಳ ಉಪಕಾರ ಆತ್ರಿ. ಬರ್ರಿ, ಬರ್ರಿ.” ಆಮೇಲೆ ಕೇಳ್ದ, “ಯಾರು ಮಾತಾಡೋದು ತಾವು?”

“ನಾನು ಸಂತು, ನಿಟ್ಟುವಳ್ಳಿ...”

ಆ ಕಡೆ ಹಿಂದೆ ಎಲ್ಲೋ ಒಂದು ಹುಡುಗಿ ಕೆಮ್ಮಿದ್ಲು. ಫೋನ್ ಕಟ್ಟಾತು. ಮತ್ತೆ ಹಚ್ಚಿದೆ, ಸ್ವಿಚ್ ಆಫ್. ಸಂಜೆತನ ಹಚ್ಚಿದೆ, ಸ್ವಿಚ್ ಆಫ್. ಆ ಹುಡುಗಿಗೆ ಅವತ್ತು ರಕ್ತ ಸಿಕ್ತೋ ಇಲ್ಲೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನನ್ನ ಹೆಸ್ರೊಂದು ಹೇಳದಿದ್ರೆ ಕೊಟ್ಟು ಬರ್ತಿದ್ದೆ.